ಮಗುವಿನ ಫೋಟೋ ಹಾಕದೆ ದುಡ್ಡು ಸೇರುವುದೇ ಇಲ್ವಾ?

ಪುಟ್ಟಿಯ ಮಾವ (ಕಾಸರಗೋಡು ಜಿಲ್ಲೆ, ಬದಿಯಡ್ಕ ಹತ್ತಿರ)
ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ. ನನ್ನ ತಂಗಿಯ ಮಗಳಿಗೆ ಆರು ವರ್ಷ. ಡೌನ್ ಸಿಂಡ್ರೋಮ್ ಇದೆ. ಹುಟ್ಟಿದ ವಾರದಲ್ಲೇ ಹೃದಯದಲ್ಲಿ ತೂತು ಇದೆ ಅಂತ ಗೊತ್ತಾಗಿತ್ತು. ಕೇರಳ ಸರ್ಕಾರದ ಹೃದ್ಯಂ ಯೋಜನೆಯಲ್ಲಿ ಹೆಸರು ಸೇರಿಸಿ ತಿರುವನಂತಪುರದಲ್ಲಿ ಆಪರೇಷನ್ ಆಯಿತು. ನಮ್ಮ ಕೈಯಿಂದ ಹೋದದ್ದು ರೈಲು, ಲಾಡ್ಜ್, ಊಟದ ಖರ್ಚು ಅಷ್ಟೇ. ಈಗ ಮಗು ಅಂಗಳ ಇಡೀ ಓಡುತ್ತದೆ. ಹಿಡಿಯಲು ನಮಗೆ ಉಸಿರು ಸಾಲುವುದಿಲ್ಲ.

ಉಳಿದಿರುವುದು ಮಾತು. ನಾವು ಹೇಳಿದ್ದೆಲ್ಲ ಅವಳಿಗೆ ಅರ್ಥ ಆಗುತ್ತದೆ, ತಿರುಗಿ ಹೇಳಲು ನಾಲಿಗೆ ಏಳುವುದಿಲ್ಲ. ಸ್ಪೀಚ್ ಥೆರಪಿಗೆ ಮಂಗಳೂರಿಗೆ ಹೋದರೆ ಮುಕ್ಕಾಲು ಗಂಟೆಯ ಕೆಲಸಕ್ಕೆ ಒಂದು ದಿನ ಪೂರಾ ಹೋಗುತ್ತದೆ. ನಮ್ಮ ಸುತ್ತಮುತ್ತ ಇಂಥ ಏಳು ಮಕ್ಕಳಿದ್ದಾರೆ. ಎಲ್ಲರ ಮನೆಯವರು ಸೇರಿ ಮಾತಾಡಿದೆವು. ವಾರಕ್ಕೆ ಎರಡು ದಿನ ಥೆರಪಿಸ್ಟನ್ನು ಇಲ್ಲಿಗೇ ಕರೆಸುವುದು ಅಂತ ತೀರ್ಮಾನ. ವಾಚನಾಲಯದವರು ಹಿಂದಿನ ಕೋಣೆ ಕೊಡುತ್ತಾರೆ. ನಮ್ಮ ಲೆಕ್ಕದಲ್ಲಿ ವರ್ಷಕ್ಕೆ ಎರಡು ಲಕ್ಷ ಬೇಕು.

ಕ್ಲಬ್ಬಿನ ಹುಡುಗರು ಬಿರಿಯಾನಿ ಚಾಲೆಂಜ್, ಅಂದರೆ ಬಿರಿಯಾನಿ ಪ್ಯಾಕೆಟ್ ಮಾರಿ ದುಡ್ಡು ಸೇರಿಸುವುದು, ಮಾಡಲು ತಯಾರಿದ್ದಾರೆ. ಒಳ್ಳೆಯ ಹುಡುಗರು. ಆದರೆ ಫ್ಲೆಕ್ಸಿನ ಡಿಸೈನ್ ಕಳಿಸಿದರು ನೋಡಿ, ಅದರಲ್ಲಿ ಪುಟ್ಟಿಯ ಹಳೇ ಫೋಟೋ. ಆಸ್ಪತ್ರೆಯದ್ದು, ಮೂಗಿನಲ್ಲಿ ಟ್ಯೂಬ್. ಮೇಲೆ ಕೆಂಪು ಅಕ್ಷರದಲ್ಲಿ 'ಈ ಕಂದಮ್ಮನನ್ನು ಉಳಿಸಿ'. ತಂಗಿ ನೋಡಿದಳು, ಫೋನ್ ವಾಪಸ್ ಕೊಟ್ಟಳು, ಒಲೆ ಮುಂದೆ ಹೋಗಿ ಕೂತಳು. ರಾತ್ರಿ ಊಟ ಬಡಿಸುವಾಗ ಕೇಳಿದಳು: 'ಅವಳು ಉಳಿದಾಗಿದೆ ಅಲ್ವಾ ಅಣ್ಣ? ಇನ್ನು ಯಾರಿಂದ ಉಳಿಸುವುದು?'

ಫೋಟೋ ಇಲ್ಲದಿದ್ದರೆ ನೂರು ಪ್ಯಾಕೆಟ್ ಕೂಡ ಖರ್ಚಾಗುವುದಿಲ್ಲ ಅಂತ ಕ್ಲಬ್ಬಿನ ಅಧ್ಯಕ್ಷರು. ಇಬ್ಬರ ಮಧ್ಯೆ ನಾನು. ಇಂಥದ್ದು ಮಾಡಿ ಗೊತ್ತಿದ್ದವರು ಹೇಳಿ.

ತಲಪಾಡಿ ಗೇಟು
ಅಧ್ಯಕ್ಷರು ಹೇಳಿದ್ದೇ ಸರಿ. ಜನ ಕಣ್ಣಿಗೆ ಕಂಡದ್ದಕ್ಕೆ ದುಡ್ಡು ಕೊಡುತ್ತಾರೆ. 'ಥೆರಪಿ' ಅಂದರೆ ಯಾರಿಗೆ ಏನು ಅರ್ಥ ಆಗುತ್ತದೆ? ತಂಗಿಗೆ ಸ್ವಲ್ಪ ಬುದ್ಧಿ ಹೇಳಿ.

ಮುಳ್ಳೇರಿಯ ಅಮ್ಮ
ತಂಗಿಗೆ ಬುದ್ಧಿ ಹೇಳಬೇಕಾದ್ದಿಲ್ಲ. ನನ್ನ ಮಗನಿಗೆ ಈಗ 19. ಅವನು ನಾಲ್ಕು ವರ್ಷದವನಿರುವಾಗ ಒಂದು ಸಂಘದವರು ಫೋಟೋ ತೆಗೆದು ಪೇಪರಿಗೆ ಕೊಟ್ಟಿದ್ದರು. 'ಉದಾರ ದಾನಿಗಳ ನಿರೀಕ್ಷೆಯಲ್ಲಿ'. ಹದಿನೈದು ವರ್ಷ ಆಯಿತು, ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಅವನ ಕೈಗೆ ಹತ್ತು ರೂಪಾಯಿ ತುರುಕುತ್ತಾರೆ. ಅವನು ತೆಗೆದುಕೊಂಡು ಅಂಗಡಿಗೆ ಹೋಗಿ ಕಡಲೆಮಿಠಾಯಿ ತರುತ್ತಾನೆ. ಅವನಿಗೆ ಖುಷಿ. ನನಗೆ ಆ ದಿನ ರಾತ್ರಿ ನಿದ್ದೆ ಬರುವುದಿಲ್ಲ.

ಪುಟ್ಟಿಯ ಮಾವ
ಅಕ್ಕಾ, ಇದನ್ನು ಹಾಗೇ ತಂಗಿಗೆ ಓದಿ ಹೇಳಿದೆ. ನಿಮ್ಮ ಮಗನ ಬಗ್ಗೆ ಇನ್ನೂ ಬರೆಯಲು ಹೇಳಿದ್ದಾಳೆ.

ಮಂಜೇಶ್ವರ ನರ್ಸ್
ಮೊದಲು ಒಂದು ಪ್ರಶ್ನೆ. ದುಡ್ಡು ಕೂಡಿಸುವ ಮೊದಲು ಸಿಗಬೇಕಾದ್ದೆಲ್ಲ ಸಿಕ್ಕಿದೆಯಾ? ಅಂಗವೈಕಲ್ಯ ಸರ್ಟಿಫಿಕೇಟ್, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್, ನಿರಾಮಯ ವಿಮೆ, ಆರೈಕೆ ಮಾಡುವವರಿಗೆ ಸಿಗುವ ಆಶ್ವಾಸಕಿರಣ? ಕ್ಲಬ್ಬಿನ ಬಾಗಿಲು ತಟ್ಟುವ ಮೊದಲು ಸರ್ಕಾರದ ಬಾಗಿಲು. ನಿರಾಮಯ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನದ್ದು, ವರ್ಷಕ್ಕೆ 1 ಲಕ್ಷದವರೆಗೆ ಇದೆ. ಥೆರಪಿ ಖರ್ಚೂ ಅದರೊಳಗೆ ಬರುತ್ತದೆ. ಇಂತಿಂಥ ಆಸ್ಪತ್ರೆಗೇ ಹೋಗಬೇಕು ಅಂತಿಲ್ಲ, ಬಿಲ್ಲು ಇಟ್ಟುಕೊಂಡು ಕ್ಲೇಮ್ ಮಾಡುವುದು. ಏಳು ಮಕ್ಕಳಲ್ಲಿ ಎಷ್ಟು ಮಂದಿಗೆ ಇದೆ, ಕೇಳಿ ನೋಡಿ.

ಪುಟ್ಟಿಯ ಮಾವ
ಕೇಳಿದೆ. ಇಬ್ಬರಿಗೆ ಮಾತ್ರ ಇದೆ. ಅದರಲ್ಲಿ ಒಬ್ಬರು ರಿನ್ಯೂ ಮಾಡಿಲ್ಲ.

ಮಂಜೇಶ್ವರ ನರ್ಸ್
ಅಲ್ಲಿಗೆ ನಿಮ್ಮ ಎರಡು ಲಕ್ಷ ಎಷ್ಟಕ್ಕೆ ಇಳಿಯಿತು, ಲೆಕ್ಕ ಹಾಕಿ.

ತಲಪಾಡಿ ಗೇಟು
ನಮ್ಮ ಜಿಲ್ಲೆಯಲ್ಲಿ ಇದೆಲ್ಲ ಗೇರುತೋಟಕ್ಕೆ ಬಿಟ್ಟ ಎಂಡೋಸಲ್ಫಾನ್ ಕೀಟನಾಶಕದಿಂದ ಅಲ್ವಾ? ಆ ಪಟ್ಟಿಗೆ ಹೆಸರು ಸೇರಿಸಿದರೆ 5 ಲಕ್ಷ ಸಿಗುತ್ತದೆ. ಬಿರಿಯಾನಿ ಯಾಕೆ?

ಮಂಜೇಶ್ವರ ನರ್ಸ್
ಎಲ್ಲವನ್ನೂ ಒಂದೇ ಗೋಣಿಗೆ ತುಂಬಬೇಡಿ ದಯವಿಟ್ಟು. ಡೌನ್ ಸಿಂಡ್ರೋಮಿನಲ್ಲಿ 21ನೇ ಕ್ರೋಮೋಸೋಮು ಎರಡರ ಬದಲು ಮೂರು ಇರುತ್ತದೆ. ಹೆಚ್ಚಿನವರಲ್ಲಿ ಅದು ಗರ್ಭ ಕಟ್ಟುವ ಮೊದಲೇ, ಅಂಡಾಣು ಆಗುವಾಗಲೇ ಆಗಿಹೋಗಿರುತ್ತದೆ. ಗೇರುತೋಟವೇ ಇಲ್ಲದ ದೇಶಗಳಲ್ಲೂ ಇಂಥ ಮಕ್ಕಳು ಹುಟ್ಟುತ್ತಾರೆ. ತಾಯಿ ತಿಂದದ್ದರಿಂದ ಅಲ್ಲ, ಗ್ರಹಣ ನೋಡಿದ್ದರಿಂದ ಅಲ್ಲ, ಯಾರ ದೋಷದಿಂದಲೂ ಅಲ್ಲ. ತಾಯಿಗೆ ವಯಸ್ಸಾದಷ್ಟು ಸಾಧ್ಯತೆ ಜಾಸ್ತಿ ಎಂಬುದು ನಿಜ. ಆದರೆ ಸಣ್ಣ ವಯಸ್ಸಿನ ತಾಯಂದಿರಿಗೂ ಹುಟ್ಟುತ್ತಾರೆ.

ಪೆರ್ಲ ಎಕ್ಸ್‌ಪ್ರೆಸ್
ಗೇಟಣ್ಣ, ಆ 5 ಲಕ್ಷ ಅಂಗಡಿಯಲ್ಲಿ ಸಿಗುವ ಸಾಮಾನು ಅಲ್ಲ. ಮೂರು ತಿಂಗಳಲ್ಲಿ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಜನವರಿಯಲ್ಲಿ. 2022ರಲ್ಲಿ ಮತ್ತೆ ಕೋರ್ಟೇ ಗದರಿಸಬೇಕಾಯಿತು.

ನಾನು ಎಣ್ಮಕಜೆಯವನು. ಫೋಟೋದ ವಿಷಯ ಬಂತಲ್ಲ, ಅದಕ್ಕೆ ಬರೆಯುತ್ತೇನೆ. ಹೆಲಿಕಾಪ್ಟರಿನಿಂದ ಮದ್ದು ಬಿಟ್ಟದ್ದು ನಾನು ಶಾಲೆಗೆ ಹೋಗುವಾಗ. ಆಮೇಲೆ ಎಲ್ಲೆಲ್ಲಿಂದಲೋ ಕ್ಯಾಮರಾ ಬಂತು. ನಮ್ಮ ನೆರೆಮನೆಯ ಹುಡುಗನ ಫೋಟೋ ಎಷ್ಟು ಊರು ಸುತ್ತಿತೋ ಗೊತ್ತಿಲ್ಲ. ಅವನ ಅಮ್ಮ ಪ್ರತಿ ಸಲ ಅವನಿಗೆ ಅಂಗಿ ಹಾಕುತ್ತಿದ್ದರು, ಬಂದವರು ಪ್ರತಿ ಸಲ ತೆಗೆಯಲು ಹೇಳುತ್ತಿದ್ದರು. ಅಂಗಿ ಇಲ್ಲದಿದ್ದರೆ ಚೆನ್ನಾಗಿ ಕಾಣುತ್ತದಂತೆ. ತೆಗೆದುಕೊಂಡು ಹೋದವರಲ್ಲಿ ಎರಡನೇ ಸಲ ಬಂದವರು ಕಡಿಮೆ. ಆದರೆ ಅಂಥ ಫೋಟೋಗಳು ಇಲ್ಲದಿದ್ದರೆ 2011ರಲ್ಲಿ ದೇಶದಲ್ಲೇ ಆ ವಿಷ ನಿಲ್ಲುತ್ತಿತ್ತಾ? ಇಲ್ಲ ಅಂತಲೇ ನನಗೆ ಅನ್ನಿಸುವುದು. ಅದಕ್ಕೇ ಫೋಟೋ ತಪ್ಪು ಅಂತ ಒಂದೇ ಮಾತಲ್ಲಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ಉಪ್ಪಳ ಟೀಚರ್
ಎಕ್ಸ್‌ಪ್ರೆಸ್, ಅಲ್ಲಿ ಫೋಟೋ ತೋರಿಸಿದ್ದು ವಿಷ ಏನು ಮಾಡಿತು ಅಂತ. ತಪ್ಪು ಯಾರದ್ದು ಅಂತ ಕೇಳಲು. ಇಲ್ಲಿ ಪುಟ್ಟಿಯ ಫೋಟೋ ಏನು ತೋರಿಸುತ್ತದೆ? ಅವಳೇ ತೊಂದರೆ ಅಂತ. ಎರಡೂ ಒಂದೇ ಹೇಗೆ?

ಪೆರ್ಲ ಎಕ್ಸ್‌ಪ್ರೆಸ್
ಟೀಚರ್, ಆ ಅಂಗಿಯ ಮಟ್ಟಿಗೆ ಎರಡೂ ಒಂದೇ.

ಉಪ್ಪಳ ಟೀಚರ್
ಒಪ್ಪಿದೆ.

ಹೊಸಂಗಡಿ ಹುಡುಗ
ಡೌನ್ ಅನ್ನುವ ಹೆಸರನ್ನೇ ಬದಲಿಸಬೇಕು ಅಂತ ನನಗನ್ನಿಸುತ್ತದೆ. ಡೌನ್ ಅಂದರೆ ಕೆಳಗೆ ಅಲ್ವಾ? ಮಕ್ಕಳನ್ನು ಕೆಳಗೆ ಅನ್ನುವುದು ಸರಿಯಾ?

ಉಪ್ಪಳ ಟೀಚರ್
ಅದು ಡಾಕ್ಟರರ ಹೆಸರು ಮಾರಾಯ. ಜಾನ್ ಲ್ಯಾಂಗ್ಡನ್ ಡೌನ್, ಇಂಗ್ಲೆಂಡಿನವರು, 1866ರಲ್ಲಿ ಬರೆದದ್ದು. ಅವರೇ ಇಟ್ಟ ಹೆಸರು ಇನ್ನೂ ಕೆಟ್ಟದಿತ್ತು, ಮಂಗೋಲ್ ಅಂತ. ಮಂಗೋಲಿಯಾದವರು ಆಕ್ಷೇಪ ಮಾಡಿದ ಮೇಲೆ 1965ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಟ್ಟಿತು. ನಮ್ಮಲ್ಲಿ ಹಳೇ ಡಾಕ್ಟರರ ಚೀಟಿಯಲ್ಲಿ ಮೊನ್ನೆ ಮೊನ್ನೆವರೆಗೂ ಕಾಣುತ್ತಿತ್ತು.

ಮುಳ್ಳೇರಿಯ ಅಮ್ಮ
ಚೀಟಿಯಲ್ಲಿ ಮಂಗೋಲ್, ಪಂಚಾಯತಿನಲ್ಲಿ ಭಿನ್ನಶೇಷಿ, ಭಾಷಣದಲ್ಲಿ ದೇವರ ಮಕ್ಕಳು, ಮದುವೆ ಮನೆಯಲ್ಲಿ 'ಪಾಪದ್ದು'. ಅವನಿಗೊಂದು ಹೆಸರು ಇಟ್ಟಿದ್ದೇವೆ. ಅದರಲ್ಲಿ ಕರೆದರೆ ಸಾಕು.

ಶಾರ್ಜಾ ಸೀತಾಂಗೋಳಿ
ಭಾವ, ನಾನು ಇಲ್ಲಿಂದ ಸ್ವಲ್ಪ ಕಳಿಸುತ್ತೇನೆ. ರೂಮಿನವರ ಹತ್ತಿರವೂ ಎತ್ತಿಸಿ ಕೊಡಲಾ? ನಂಬರ್ ಹಾಕಿ.

ಲೆಕ್ಕಿಗ
ನಂಬರ್ ಹಾಕಬೇಡಿ! ಎರಡು ಕಾರಣ. ಒಂದು, ಯುಎಇಯಲ್ಲಿ ಲೈಸೆನ್ಸ್ ಇಲ್ಲದೆ ದುಡ್ಡು ಎತ್ತುವುದು ಅಪರಾಧ. ಸೀತಾಂಗೋಳಿಯವರು ತಮ್ಮ ಸಂಬಳದಿಂದ ತಾವು ಕಳಿಸಲಿ, ರೂಮ್ ರೂಮ್ ತಿರುಗುವುದು ಬೇಡ. ಭಾರತದ ಪಾಸ್‌ಪೋರ್ಟ್ ಇದ್ದವರು ಬ್ಯಾಂಕ್ ಮೂಲಕ ತಮ್ಮ ದುಡಿಮೆಯ ಹಣ ಕಳಿಸಿದರೆ ಅದು ವಿದೇಶಿ ದೇಣಿಗೆ ಅಂತ ಲೆಕ್ಕ ಆಗುವುದಿಲ್ಲ. ಅದಕ್ಕೆ ಹೆದರಬೇಕಾಗಿಲ್ಲ.

ಎರಡು, ಸ್ವಂತ ಖಾತೆಯ ಕ್ಯೂಆರ್ ಕೋಡನ್ನು ವಾಟ್ಸಾಪಿನಲ್ಲಿ ಬಿಡಬೇಡಿ. ನಮ್ಮ ಊರಲ್ಲಿ ಒಬ್ಬರು ಕಿಡ್ನಿ ರೋಗಿಗೆ ಅಂತ ಹೀಗೇ ಮಾಡಿದರು. ಯಾರೋ ಗುರುತಿಲ್ಲದವರು ಹಾಕಿದ ದುಡ್ಡು ಯಾವುದೋ ಸೈಬರ್ ಮೋಸದ ಕೇಸಿನದ್ದು. ಪೂರಾ ಖಾತೆ ಫ್ರೀಜ್. ಮನುಷ್ಯನ ಸಂಬಳವೂ ಒಳಗೆ, ರೋಗಿಯ ದುಡ್ಡೂ ಒಳಗೆ. ಬಿಡಿಸಲು ನಾಲ್ಕು ತಿಂಗಳು ಓಡಿದರು.

ಒಂದು ಸೊಸೈಟಿ ರಿಜಿಸ್ಟರ್ ಮಾಡಿ. ಕನಿಷ್ಠ ಏಳು ಮಂದಿ ಬೇಕು, ನಿಮ್ಮದು ಏಳು ಮನೆ ಇದೆಯಲ್ಲ! ನಮ್ಮ ಮಲಬಾರು ಭಾಗಕ್ಕೆ ಇನ್ನೂ 1860ರ ಕಾಯ್ದೆಯೇ. ಅದರ ಹೆಸರಲ್ಲಿ ಖಾತೆ, ಇಬ್ಬರ ಸಹಿ, ನಂಬರ್ ಇರುವ ರಶೀದಿ ಪುಸ್ತಕ. ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗುವ ನೋಂದಣಿ ಆಮೇಲೆ ನೋಡುವ. ಅದು ಸಿಕ್ಕಿದರೂ 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟವರಿಗೆ ತೆರಿಗೆ ವಿನಾಯಿತಿ ಇಲ್ಲ.

ಶಾರ್ಜಾ ಸೀತಾಂಗೋಳಿ
ಅಯ್ಯೋ, ಒಳ್ಳೆಯದಾಯಿತು ಹೇಳಿದ್ದು. ನಾನು ಆಗಲೇ ಗ್ರೂಪಿಗೆ ಹಾಕಿಬಿಡುತ್ತಿದ್ದೆ.

ಹೊಸಂಗಡಿ ಹುಡುಗ
ಲಕ್ಕಿ ಕೂಪನ್ ಮಾಡಿ, ಫಸ್ಟ್ ಪ್ರೈಜ್ ಸ್ಕೂಟರ್. ಒಂದೇ ವಾರದಲ್ಲಿ ಎರಡು ಲಕ್ಷ.

ಲೆಕ್ಕಿಗ
ಒಂದೇ ವಾರದಲ್ಲಿ ಸ್ಟೇಷನ್ನು. ಲಾಟರಿ ನಡೆಸಲು ಸರ್ಕಾರಕ್ಕೆ ಮಾತ್ರ ಅಧಿಕಾರ. ಕೇರಳ ಸರ್ಕಾರ 1967ರಿಂದ ಅದನ್ನು ಬೇರೆಯವರಿಗೆ ಬಿಟ್ಟುಕೊಡದೆ ನಡೆಸುತ್ತಿದೆ.

ಚೆಂಡೆಪೆಟ್ಟು
ಯಕ್ಷಗಾನ ಮಾಡಿಸಿ. ಸಹಾಯಾರ್ಥ ಆಟ. ಜನ ಬಂದೇ ಬರುತ್ತಾರೆ.

ಪೆರ್ಲ ಎಕ್ಸ್‌ಪ್ರೆಸ್
ಬರುತ್ತಾರೆ, ಟಿಕೆಟ್ ತೆಗೆದುಕೊಳ್ಳುವುದಿಲ್ಲ. ನಾವು ಮಾಡಿಸಿ ನೋಡಿದ್ದೇವೆ. ಮೇಳಕ್ಕೆ ಕೊಟ್ಟು, ಪೆಂಡಾಲು, ಲೈಟು, ಮೈಕ್, ರಾತ್ರಿಯ ಚಹಾ ತಿಂಡಿ ಎಲ್ಲ ಕಳೆದು ಕೈಯಲ್ಲಿ ಉಳಿದದ್ದು 6,300. ಮಧ್ಯದಲ್ಲಿ ಸನ್ಮಾನ ಬೇರೆ, ಒಂಬತ್ತು ಮಂದಿಗೆ. ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ. ಯಾರಿಗಾಗಿ ಆಟವೋ ಆ ಮಗುವನ್ನು ಸ್ಟೇಜಿನ ಮೇಲೆ ಒಂದೂವರೆ ಗಂಟೆ ಕೂರಿಸಿದ್ದರು. ಪಾಪ, ಕುರ್ಚಿಯಲ್ಲೇ ನಿದ್ದೆ.

ಚೆಂಡೆಪೆಟ್ಟು
ಸನ್ಮಾನ ಇಟ್ಟವರ ತಪ್ಪು, ಆಟದ್ದಲ್ಲ. ಹಾಗಾದರೆ ತಾಳಮದ್ದಳೆ ಇಡಿ. ವೇಷ ಇಲ್ಲ, ರಂಗಸ್ಥಳ ಇಲ್ಲ. ನಮ್ಮ ಸಂಘದ ಹಿಮ್ಮೇಳ ನಾನು ಪುಕ್ಕಟೆ ಕರೆದುಕೊಂಡು ಬರುತ್ತೇನೆ.

ತಲಪಾಡಿ ಗೇಟು
ಬಿರಿಯಾನಿ ವಿಷಯಕ್ಕೆ ಬನ್ನಿ. ನಮ್ಮಂಥ ಸಸ್ಯಾಹಾರಿಗಳು ಏನು ಮಾಡುವುದು? ದುಡ್ಡು ಕೊಟ್ಟು ಪ್ಯಾಕೆಟ್ ನೆರೆಮನೆಗೆ ಕೊಡುವುದಾ?

ಪೆರ್ಲ ಎಕ್ಸ್‌ಪ್ರೆಸ್
ನೆರೆಮನೆಯವನು ನಾನೇ. ಯಾವ ಅಭ್ಯಂತರವೂ ಇಲ್ಲ.

ಉಪ್ಪಳ ಟೀಚರ್
ಪಾಯಸ ಚಾಲೆಂಜ್ ಮಾಡಿದರೆ ಎಲ್ಲರೂ ತೆಗೆದುಕೊಳ್ಳಬಹುದು. ನಮ್ಮ ಶಾಲೆಗೆ ಶೌಚಾಲಯ ಕಟ್ಟಿಸಲು ಮಾಡಿದ್ದೆವು. ಅರ್ಧ ಲೀಟರಿನ ಡಬ್ಬಿ. ಬೆಲ್ಲ ಒಬ್ಬರು ಕೊಟ್ಟರು, ತೆಂಗಿನಕಾಯಿ ಮನೆಮನೆಯಿಂದ ಬಂತು. ಕಾಯಿಹಾಲು ಹಿಂಡಲು ಬೆಳಗ್ಗೆ ಮೂರಕ್ಕೆ ಇಪ್ಪತ್ತು ಮಂದಿ ಕೂತಿದ್ದೆವು. ಬಿರಿಯಾನಿಯಲ್ಲಿ ಕೋಳಿಗೆ, ಕೈಮ ಅಕ್ಕಿಗೆ, ತುಪ್ಪಕ್ಕೆ ದುಡ್ಡು ಕೊಡಬೇಕು. ಪಾಯಸದಲ್ಲಿ ಅರ್ಧ ಸಾಮಾನು ತೋಟದ್ದೇ. ಉಳಿಯುವುದು ಜಾಸ್ತಿ.

ತಲಪಾಡಿ ಗೇಟು
ಸಕ್ಕರೆ ಕಾಯಿಲೆಯವರು?

ಉಪ್ಪಳ ಟೀಚರ್
ನೀವು ಬರೀ ದುಡ್ಡು ಕೊಡಿ.

ಪುಟ್ಟಿಯ ಮಾವ
ನಗು ಬಂತು. ಒಂದು ವಿಷಯ ಹೇಳಲು ಮರೆತಿದ್ದೆ. 'ಮಂಗಳೂರು ಯಾಕೆ, ಇಲ್ಲೇ ಇದೆಯಲ್ಲ' ಅಂತ ಕೆಲವರು ನನಗೆ ಮೆಸೇಜ್ ಮಾಡಿ ಕೇಳಿದರು. ಇಲ್ಲೇ ಜಿಲ್ಲೆಯೊಳಗೆ ಒಂದು ಕಡೆ ಕರೆದುಕೊಂಡು ಹೋಗಿದ್ದೆವು. ಥೆರಪಿಸ್ಟ್ ತುಂಬ ಒಳ್ಳೆಯ ಹುಡುಗಿ, ತೆಕ್ಕಿನವರು, ಅಂದರೆ ಕೇರಳದ ದಕ್ಷಿಣದ ಕಡೆಯವರು. ಚಿತ್ರ ತೋರಿಸಿ ಹೆಸರು ಹೇಳಿಸುವುದು. ಬೆಕ್ಕಿನ ಚಿತ್ರ ತೋರಿಸಿದಾಗ ಪುಟ್ಟಿ ಸರಿಯಾಗಿ 'ಪುಚ್ಚೆ' ಅಂದಳು. ಮನೆಯಲ್ಲಿ ನಮ್ಮದು ತುಳು. ಮಲಯಾಳದ 'ಪೂಚ್ಚ' ಹೇಳಲು ಹೋಗಿ ತಪ್ಪಿದಳು ಅಂತ ತಿಳಿದು ಅವರು 'ಉಚ್ಚಾರ ದೋಷ' ಅಂತ ಗುರುತು ಹಾಕಿದರು. ತಂಗಿಗೆ ಅದು ಗೊತ್ತಾದದ್ದು ಮನೆಗೆ ಬಂದು ಕಾಗದವನ್ನು ಬೇರೆಯವರಿಂದ ಓದಿಸಿದಾಗ. ವರದಿ ಪೂರಾ ಮಲಯಾಳದಲ್ಲಿತ್ತು. ಆರು ವರ್ಷದಲ್ಲಿ ಅವಳು ಸ್ಪಷ್ಟವಾಗಿ ಹೇಳಿದ ಹತ್ತೋ ಹನ್ನೆರಡೋ ಶಬ್ದದಲ್ಲಿ ಅದೂ ಒಂದು.

ಚೆಂಡೆಪೆಟ್ಟು
ಛೆ!

ಮಂಜೇಶ್ವರ ನರ್ಸ್
ಇದನ್ನು ಫ್ಲೆಕ್ಸಿನಲ್ಲಿ ಹಾಕಿ ಮಾವ. ಟ್ಯೂಬಿನ ಫೋಟೋ ಅಲ್ಲ, ಬೆಕ್ಕಿನ ಚಿತ್ರ. ಕೆಳಗೆ ಪುಚ್ಚೆ, ಬೆಕ್ಕು, ಪೂಚ್ಚ ಮೂರೂ ಬರೆಯಿರಿ. 'ಮೂರೂ ಸರಿ. ನಮ್ಮ ಮಕ್ಕಳ ಭಾಷೆ ಬಲ್ಲ ಥೆರಪಿಸ್ಟ್ ಬೇಕು.' ಕಾಸರಗೋಡಿನವರಿಗೆ ಇದಕ್ಕಿಂತ ಬೇಗ ಯಾವುದು ಅರ್ಥ ಆಗುತ್ತದೆ?

ಈ ಮಕ್ಕಳಿಗೆ ಕಿವಿಯಿಂದ ಕೇಳಿದ್ದಕ್ಕಿಂತ ಕಣ್ಣಿಂದ ನೋಡಿದ್ದು ಬೇಗ ತಲೆಗೆ ಹೋಗುತ್ತದೆ. ಚಿತ್ರದ ಜೊತೆ ಕೈಸನ್ನೆಯೂ ಕಲಿಸಿ. ಸನ್ನೆ ಕಲಿತರೆ ಮಾತು ಬರುವುದಿಲ್ಲ ಅನ್ನುವುದು ಸುಳ್ಳು. ಇನ್ನೊಂದು: ಕಿವಿ ಪರೀಕ್ಷೆ ಮಾಡಿಸಿದ್ದೀರಾ? ಕಿವಿಯೊಳಗೆ ನೀರು ಕಟ್ಟಿ ಕೇಳಿಸುವುದು ಕಡಿಮೆಯಾಗುವುದು ಇವರಲ್ಲಿ ಜಾಸ್ತಿ. ಥೈರಾಯ್ಡ್ ವರ್ಷಕ್ಕೊಂದು ಸಲ. ಕಿವಿ ಸರಿ ಇದೆಯಾ ನೋಡದೆ ಥೆರಪಿಗೆ ದುಡ್ಡು ಸುರಿಯಬೇಡಿ.

ಪುಟ್ಟಿಯ ಮಾವ
ಥೈರಾಯ್ಡ್ ಮಾಡಿಸುತ್ತೇವೆ. ಕಿವಿ ಎರಡು ವರ್ಷದವಳಿದ್ದಾಗ ಮಾಡಿಸಿದ್ದೇ ಕಡೆ. ನಾಳೆಯೇ ಹೇಳುತ್ತೇನೆ.

ಉಪ್ಪಳ ಟೀಚರ್
ಭಾಷೆಯ ಬಗ್ಗೆ ಸುಮ್ನೆ ಕೂರಬೇಡಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರ್ಕಾರದ ಜೊತೆ, ತಮ್ಮ ಪ್ರದೇಶದ ಕಚೇರಿಗಳ ಜೊತೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು. ಉತ್ತರವೂ ಅದೇ ಭಾಷೆಯಲ್ಲಿ ಸಿಗಬೇಕು. ಕನ್ನಡದಲ್ಲಿ ಅರ್ಜಿ ಬರೆಯಿರಿ, ಏಳು ಮನೆಯವರೂ ಸಹಿ ಹಾಕಿ. ಪಂಚಾಯತಿನಲ್ಲಿ ಅಂಗವಿಕಲರಿಗಾಗಿ ಭಿನ್ನಶೇಷಿ ಗ್ರಾಮಸಭೆ ಕರೆಯುತ್ತಾರೆ, ಅಲ್ಲಿಗೆ ಏಳು ಮಕ್ಕಳನ್ನೂ ಕರೆದುಕೊಂಡು ಹೋಗಿ. ನಾನು ಹೋದ ಒಂದು ಸಭೆಯಲ್ಲಿ ಒಂದೇ ಒಂದು ಮಗುವೂ ಇರಲಿಲ್ಲ. ಎಲ್ಲ ಅಪ್ಪಂದಿರು, ಅದೂ ಹಿಂದಿನ ಸಾಲಿನಲ್ಲಿ.

ತಲಪಾಡಿ ಗೇಟು
ಟೀಚರ್, ಅರ್ಜಿ ಕೊಟ್ಟರೆ ಉತ್ತರ ಬರುವಷ್ಟರಲ್ಲಿ ಮಗುವಿಗೆ ಮದುವೆ ವಯಸ್ಸು ಆಗಿರುತ್ತದೆ. ಬಿರಿಯಾನಿ ಒಂದೇ ದಿನದ ಕೆಲಸ.

ಉಪ್ಪಳ ಟೀಚರ್
ಬಿರಿಯಾನಿ ಬೇಡ ಅಂದದ್ದು ಯಾರು? ಮೊದಲ ವರ್ಷ ಪಾತ್ರೆಯಿಂದ ನಡೆಯಲಿ. ಪ್ರತಿ ವರ್ಷವೂ ಪಾತ್ರೆ ಒಲೆಗೆ ಇಡಲು ಆಗುತ್ತದಾ? ಕ್ಲಬ್ಬಿನ ಹುಡುಗರು ನಾಳೆ ಗಲ್ಫಿಗೆ ಹೋಗುತ್ತಾರೆ.

ಶಾರ್ಜಾ ಸೀತಾಂಗೋಳಿ
ಹೌದು ಟೀಚರ್. ನಾನೇ ಸಾಕ್ಷಿ.

ಹೊಸಂಗಡಿ ಹುಡುಗ
ಮಾರ್ಚ್ 21ಕ್ಕೆ ಇಟ್ಟುಕೊಳ್ಳಿ. ಡೌನ್ ಸಿಂಡ್ರೋಮ್ ದಿನ. ಆ ದಿನ ಎಲ್ಲರೂ ಜೋಡಿ ಇಲ್ಲದ ಸಾಕ್ಸ್ ಹಾಕುತ್ತಾರೆ, ರೀಲ್ಸ್ ಮಾಡಬಹುದು.

ಮಂಜೇಶ್ವರ ನರ್ಸ್
ಹೌದು, 21ನೇ ಕ್ರೋಮೋಸೋಮು ಮೂರು, ಅದಕ್ಕೆ 21/3. ವಿಶ್ವಸಂಸ್ಥೆ 2012ರಿಂದ ಆಚರಿಸುತ್ತದೆ. ಕ್ರೋಮೋಸೋಮು ನೋಡಲು ಸಾಕ್ಸ್ ಹಾಗೆ ಕಾಣುವುದರಿಂದ ಸಾಕ್ಸ್.

ಪೆರ್ಲ ಎಕ್ಸ್‌ಪ್ರೆಸ್
ಮಾರ್ಚ್ ಸೆಕೆಯಲ್ಲಿ ಸಾಕ್ಸ್ ಹಾಕುವವರು ನಮ್ಮಲ್ಲಿ ಯಾರಿದ್ದಾರೆ? ಹವಾಯಿ ಚಪ್ಪಲಿ ಮಾಡಿ. ಒಂದು ಕಾಲಿಗೆ ನೀಲಿ ಬಾರು, ಇನ್ನೊಂದಕ್ಕೆ ಕೆಂಪು. ಭಜನೆಗೆ ಹೋದವರಿಗೆ ಬರುವಾಗ ಹೇಗೂ ಹಾಗೇ ಆಗಿರುತ್ತದೆ.

ಮುಳ್ಳೇರಿಯ ಅಮ್ಮ
ಭಜನೆ ಅಂದಾಗ ನೆನಪಾಯಿತು. ಮಗನ ಬಗ್ಗೆ ಬರೆಯಲು ಹೇಳಿದ್ದಿರಲ್ಲ.

ಅವನಿಗೆ ಓದು ಅಷ್ಟಕ್ಕಷ್ಟೇ. ಹತ್ತಿರದ ಶಾಲೆಯವರು ಮೊದಲು ಬೇಡ ಅಂದಿದ್ದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಬೇಡ ಅನ್ನಲು ಆಗಲಿಲ್ಲ. ಎಂಟನೇ ತರಗತಿವರೆಗೆ ಅಲ್ಲೇ ಕೂತ. ಆಮೇಲೆ ಪಂಚಾಯತಿನವರು ಇಂಥ ಮಕ್ಕಳಿಗೆ ನಡೆಸುವ ಬಡ್ಸ್ ಶಾಲೆ. ಈಗ ಶನಿವಾರ ಭಜನಾ ಮಂದಿರದಲ್ಲಿ ಜಾಗಟೆ ಅವನದ್ದೇ. ಮೊದಲ ದಿನ ನಾನು ಬಾಗಿಲ ಹತ್ತಿರ ನಿಂತೇ ಇದ್ದೆ, ಏನಾದರೂ ಆದರೆ ಎತ್ತಿಕೊಂಡು ಓಡಲು. ಅವನು ಕಣ್ಣು ಮುಚ್ಚಿ, ನಾಲಿಗೆ ಸ್ವಲ್ಪ ಹೊರಗೆ ಹಾಕಿ, ಒಂದು ಪೆಟ್ಟು ತಪ್ಪಲಿಲ್ಲ. ಹಾಡುವವರು ಓಡಿಸಿದರೆ ಇವನು ನಿಧಾನ ಮಾಡುತ್ತಾನೆ. ಹಾಗೆ ಅವರೇ ಇವನ ತಾಳಕ್ಕೆ ಬರಬೇಕಾಗುತ್ತದೆ. ಕಳೆದ ತಿಂಗಳು ಜ್ವರ ಬಂದು ಹೋಗಿರಲಿಲ್ಲ. ಮಂದಿರದಿಂದ ಇಬ್ಬರು ಮನೆಗೆ ಬಂದು ಕೇಳಿದರು, 'ಜಾಗಟೆಯವರು ಯಾಕೆ ಬರಲಿಲ್ಲ?' ಜಾಗಟೆಯವರು! ನಾನು ಒಳಗೆ ಹೋಗಿ ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಂಡೆ.

ನನ್ನ ಚಿಂತೆ ಈಗ ಬೇರೆ. ನಾವು ಹೋದ ಮೇಲೆ? ಒಬ್ಬನೇ ಮಗ. ಇದಕ್ಕೂ ಯಾರಾದರೂ ಚಾಲೆಂಜ್ ಮಾಡುತ್ತಾರಾ?

ಲೆಕ್ಕಿಗ
ಅಕ್ಕಾ, ಅವನಿಗೆ 18 ದಾಟಿದೆ. ಈಗ ಕಾನೂನಿನ ಕಣ್ಣಿಗೆ ನೀವು ಅಮ್ಮ ಹೌದು, ಪೋಷಕರು ಅಲ್ಲ. ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಕಲೆಕ್ಟರರ ಕೆಳಗೆ ಲೋಕಲ್ ಲೆವೆಲ್ ಕಮಿಟಿ ಇದೆ. ಅಲ್ಲಿ ಅರ್ಜಿ ಹಾಕಿ ಪೋಷಕತ್ವ ಮಾಡಿಸಿಕೊಳ್ಳಿ. ಅದಾದ ಮೇಲೆ ವಿಲ್. ಜಾಗ ಅವನ ಹೆಸರಿಗೆ ಸುಮ್ನೆ ಬರೆದುಬಿಡಬೇಡಿ, ಟ್ರಸ್ಟ್ ಮಾಡಿ ಅವನಿಗೆ ಖರ್ಚಿಗೆ ಹೋಗುವ ಹಾಗೆ ಮಾಡಬಹುದು. ಕಾಗದಪತ್ರ ನಾನು ನೋಡಿಕೊಡುತ್ತೇನೆ, ಫೀಸ್ ಬೇಡ. ಜಾಗಟೆ ಕೇಳಲು ಒಂದು ಶನಿವಾರ ಬರುತ್ತೇನೆ.

ಮುಳ್ಳೇರಿಯ ಅಮ್ಮ
ಬನ್ನಿ. ಅವಲಕ್ಕಿ ಪ್ರಸಾದ ಇರುತ್ತದೆ.

ತಲಪಾಡಿ ಗೇಟು
ನಾನು ಮೊದಲು ಹೇಳಿದ್ದು ಸ್ವಲ್ಪ ಜೋರಾಯಿತು. ಫೋಟೋ ಹಾಕಿದರೆ ದುಡ್ಡು ಜಾಸ್ತಿ ಬರುತ್ತದೆ ಎಂಬುದನ್ನು ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ. ಬೆಕ್ಕಿನ ಫ್ಲೆಕ್ಸಿಗೆ ನನ್ನ ಲೆಕ್ಕದಲ್ಲಿ ಐದು ಡಬ್ಬಿ ಪಾಯಸ ಬರೆದುಕೊಳ್ಳಿ.

ಪುಟ್ಟಿಯ ಮಾವ
ನಿನ್ನೆ ಕ್ಲಬ್ಬಿನಲ್ಲಿ ಕೂತೆವು. ತಂಗಿಯೂ ಬಂದಿದ್ದಳು, ಪುಟ್ಟಿಯೂ. ಅಧ್ಯಕ್ಷರು ಮೊದಲು ಒಪ್ಪಲಿಲ್ಲ. 'ಬೆಕ್ಕು ನೋಡಿ ಯಾರು ದುಡ್ಡು ಕೊಡುತ್ತಾರೆ?' ಅಂತ ಅವರು ಹೇಳುತ್ತಿರುವಾಗ ಪುಟ್ಟಿ ಅವರ ಫೋನಿನಲ್ಲಿದ್ದ ಡಿಸೈನಿಗೆ ಬೆರಳಿಟ್ಟು 'ಪುಚ್ಚೆ' ಅಂದಳು. ಅವರು ಫೋನ್ ಆಚೆ ಇಟ್ಟರು. ಐದು ನಿಮಿಷದ ಮೇಲೆ, 'ಸರಿ, ಆದರೆ ಬಿರಿಯಾನಿಯೂ ಇರಲಿ' ಅಂದರು.

ಹಾಗಾಗಿ ಎರಡೂ. 200 ಬಿರಿಯಾನಿ, 300 ಡಬ್ಬಿ ಪಾಯಸ. ಲೆಕ್ಕವನ್ನು ವಾಚನಾಲಯದ ಬೋರ್ಡಿನಲ್ಲಿ ಬರೆದು ಹಾಕುವುದು. ತಾಳಮದ್ದಳೆ ಇದೆ, ಸನ್ಮಾನ ಇಲ್ಲ. ನಿರಾಮಯಕ್ಕೆ ಐದು ಮನೆಯವರ ಕಾಗದ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಕೊಟ್ಟಾಯಿತು. ಕಿವಿ ಪರೀಕ್ಷೆಗೆ ಬುಧವಾರ ಡೇಟ್ ಸಿಕ್ಕಿದೆ.

ಈಗ ಒಂದೇ ಸಮಸ್ಯೆ. ಪಾಯಸಕ್ಕೆ ದೊಡ್ಡ ಉರುಳಿ ಬೇಕು, ಎರಡು. ದೇವಸ್ಥಾನದ್ದು ಆ ದಿನ ಬೇರೆ ಕಡೆ ಹೋಗಿದೆಯಂತೆ. ಯಾರ ಮನೆಯಲ್ಲಾದರೂ ಇದೆಯಾ?

ಉಪ್ಪಳ ಟೀಚರ್
ಒಂದು ನಮ್ಮಲ್ಲಿದೆ. ಅಟ್ಟದಿಂದ ಇಳಿಸಲು ನಾಲ್ಕು ಮಂದಿ ಬೇಕು.

ಪೆರ್ಲ ಎಕ್ಸ್‌ಪ್ರೆಸ್
ಪಿಕಪ್ ನನ್ನದು. ಭಾನುವಾರ ಬರುತ್ತೇನೆ. ಗೇಟಣ್ಣ, ನೀವೂ ಬನ್ನಿ, ಇಳಿಸಲು ಜನ ಬೇಕು.

ತಲಪಾಡಿ ಗೇಟು
ನನಗೆ ಸೊಂಟ ನೋವು.